ಮೇಷ್ಟ್ರ ಕಾಲಡಿಯ ಬ್ರೇಕು

ನಮ್ಮ ಮಾವ ಟ್ರಸ್ಟಿಯಾದರು ಎಂದು ತಿಳಿದಾಗ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಸಂಬಳ ಕೊಡ್ತಾರಾ?"

"ಇಲ್ಲ ಕಣೇ, ಇದು ಸೇವೆ."

"ಹಾಗಾದ್ರೆ ಬೈಗುಳ ಕೊಡ್ತಾರೆ ಬಿಡಿ," ಎಂದು ಹೇಳಿ ಅತ್ತೆ ಒಲೆಯ ಕಡೆ ತಿರುಗಿಕೊಂಡರು. ಅತ್ತೆಯ ಭವಿಷ್ಯವಾಣಿಗಳು ಸಾಮಾನ್ಯವಾಗಿ ನಿಜವಾಗುವುದಿಲ್ಲ. ಇದು ಆಯಿತು. ಬೈದವಳು ನಾನು.

ಅದಕ್ಕೂ ಮೊದಲು ಮಾವ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಸ್ಕೂಲ್ ಎಂದರೆ ಪೆಟ್ರೋಲ್ ಬಂಕಿನ ಎದುರಿಗೆ ಒಂದು ಪುಟ್ಟ ಕೋಣೆ, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಬಾಗಿಲಲ್ಲಿ ಒಂದು ಹಳೆಯ ಕಾರು. ಆ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದ ಸೀಟಿನಲ್ಲಿ ಮಾವನ ಕಾಲಡಿ ಇನ್ನೊಂದು. "ಓಡಿಸೋದನ್ನ ಯಾರು ಬೇಕಾದ್ರೂ ಕಲಿತಾರೆ, ನಿಲ್ಲಿಸೋದನ್ನ ಕಲಿಸೋದು ನನ್ನ ಕೆಲಸ" ಎನ್ನುತ್ತಿದ್ದರು. ಹೀಗಾಗಿ ಊರೆಲ್ಲ ಅವರನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಬಸ್ಸಿನಲ್ಲಿ ಕೂತರೂ ಅವರ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಟಿ.ವಿ.ಯಲ್ಲಿ ಕಾರು ಜೋರಾಗಿ ಓಡಿದರೆ ಸೋಫಾದ ಮುಂದಿನ ನೆಲ ಒತ್ತುತ್ತಿದ್ದರು. ಮಾತಿನಲ್ಲೂ ಅಷ್ಟೇ, ಮನೆಯಲ್ಲಿ ಯಾರಾದರೂ ಏನಾದರೂ ಹೊಸದು ಮಾಡೋಣ ಎಂದರೆ ಮೊದಲು "ತಡಿ" ಎನ್ನುತ್ತಿದ್ದರು. ನಮ್ಮ ಮದುವೆ ಮಾತುಕತೆಯಲ್ಲೂ ಅವರು ಮೊದಲು ಆಡಿದ ಮಾತು ಅದೇ ಅಂತೆ. ನಮ್ಮವರು ಈಗಲೂ ನನ್ನ ಜೊತೆ ಜಗಳವಾದಾಗ ಅದನ್ನು ನೆನಪಿಸಿಕೊಳ್ಳುತ್ತಾರೆ.

ಅವರ ಬಲಗಾಲಿನ ಬೂಟಿನ ಅಡಿ ವರ್ಷ ತುಂಬುವುದರೊಳಗೆ ಹೆಬ್ಬೆರಳಿನ ಹತ್ತಿರ ಸವೆದು ತೆಳ್ಳಗಾಗುತ್ತಿತ್ತು. ಎಡಗಾಲಿನದು ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ಒಂದೇ ಕಾಲಿನದು ಮಾರುವ ಅಂಗಡಿ ಇದ್ದಿದ್ದರೆ ಈ ಮನೆ ಎಷ್ಟೋ ಉದ್ಧಾರವಾಗುತ್ತಿತ್ತು ಎಂದು ಅತ್ತೆ ನಗುತ್ತಿದ್ದರು.

ಪೆಟ್ರೋಲ್ ಬಂಕಿನ ಎದುರಿನ ಕಟ್ಟಡ ಕೆಡವಿದಾಗ ಮಾವ ಸ್ಕೂಲ್ ಮುಚ್ಚಿದರು. ಕಾರನ್ನು ಮಾರಿದರು. ಮಾರುವ ಮೊದಲು ತಮ್ಮ ಕಡೆಯ ಬ್ರೇಕಿನ ಪೆಡಲ್ಲನ್ನು ಅದರ ಸರಳಿನ ಸಮೇತ ಬಿಚ್ಚಿಸಿಕೊಂಡು ಬಂದು, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. "ಜನ ಮದುವೆ ಸೀರೆ ಎತ್ತಿಡ್ತಾರೆ, ಇವರು ಕಬ್ಬಿಣ ಎತ್ತಿಡ್ತಾರೆ," ಎಂದರು ಅತ್ತೆ.

ಟ್ರಸ್ಟಿನ ಕರೆ ಬಂದದ್ದು ಆಮೇಲೆ. ಕರೆದವರು ಯಜಮಾನರು. ಅವರಿಗೆ ಹಿಂದೆ ಜವಳಿ ಅಂಗಡಿ ಇತ್ತು, ಅದಕ್ಕೇ ಆ ಹೆಸರು. ಅವರ ಹೆಂಡತಿಗೆ ವಾರವಾರ ದೊಡ್ಡಾಸ್ಪತ್ರೆಗೆ ಹೋಗಿ ಬರಬೇಕಾದ ಕಾಯಿಲೆ ಬಂದಿತ್ತು. ಬುಧವಾರ ಆಕೆಯ ಸರದಿ. ಬುಧವಾರವೇ ಅಂಗಡಿಗೆ ಹೊಸ ಮಾಲು ಬರುವ ದಿನ. ಹಾಗಾಗಿ ಆಕೆ ಬಸ್ಸಿನಲ್ಲಿ ಒಬ್ಬರೇ ಹೋಗಿ ಬರುತ್ತಿದ್ದರು, ಎಷ್ಟೋ ಸಲ ನಿಂತುಕೊಂಡೇ. ಆಕೆ ತೀರಿಕೊಂಡ ಮೇಲೆ ಯಜಮಾನರು ಅಂಗಡಿ ಮಾರಿ, ಒಂದು ವ್ಯಾನ್ ಕೊಂಡು, ಟ್ರಸ್ಟ್ ಕಟ್ಟಿದರು. ಹಾಗೆ ಒಂಟಿಯಾಗಿ ಆಸ್ಪತ್ರೆಗೆ ಓಡಾಡುವವರನ್ನು ಮನೆ ಬಾಗಿಲಿಂದ ಕರೆದುಕೊಂಡು ಹೋಗಿ, ಮತ್ತೆ ಮನೆ ಬಾಗಿಲಿಗೆ ತಂದು ಬಿಡುವುದು ಅದರ ಕೆಲಸ. ಓಡಿಸುವವರೆಲ್ಲ ಸ್ವಯಂಸೇವಕರು. ಬುಧವಾರ ಮಾತ್ರ ಯಜಮಾನರೇ ಓಡಿಸುತ್ತಿದ್ದರು. ಉಳಿದ ದಿನಗಳಲ್ಲಿ ಆ ಮನುಷ್ಯ ಏನು ಮಾಡುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಬುಧವಾರ ಮಾತ್ರ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು.

ಮಾವ ಟ್ರಸ್ಟಿಯಾದ ಮೇಲೆ ವ್ಯಾನ್ ಬೇಕೆಂದು ಫೋನ್ ಮಾಡುವವರಿಗೆ ನಮ್ಮ ಮನೆಯ ನಂಬರ್ ಕೊಟ್ಟರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ನಾನು ಅವರಿಗೆ ಕೇಳುವ ಹಾಗೇ ಗೊಣಗಿದೆ. ಅವರು ಕೇಳಿಸದವರ ಹಾಗೆ ಪೇಪರ್ ಓದಿದರು. ಆದರೆ ಫೋನ್ ಎತ್ತುತ್ತಾ ಎತ್ತುತ್ತಾ ನನಗೆ ಆ ದನಿಗಳು ಹತ್ತಿರವಾದವು. ಕೊಡೆ ಅಜ್ಜಿಯಂತೂ ಪ್ರತಿ ಮಂಗಳವಾರ ಫೋನ್ ಮಾಡಿ, "ನಾಳೆ ಮರೀಬೇಡ ಕಣಮ್ಮಾ" ಎನ್ನುತ್ತಿದ್ದಳು. ಬಿಸಿಲಿರಲಿ ಮಳೆಯಿರಲಿ ಕೊಡೆ ಹಿಡಿದೇ ಬಾಗಿಲಲ್ಲಿ ನಿಂತಿರುತ್ತಾಳೆ ಎಂದು ಅವಳಿಗೆ ಆ ಹೆಸರು. ನಾನು ಒಂದು ದಿನವೂ ಮರೆತವಳಲ್ಲ, ಆದರೂ ಅವಳು ಹೇಳುವುದು ಬಿಡಲಿಲ್ಲ.

ವ್ಯಾನ್ ಓಡಿಸಲು ಬರುವವರನ್ನು ಪರೀಕ್ಷೆ ಮಾಡುವ ಕೆಲಸ ಟ್ರಸ್ಟ್ ಮಾವನಿಗೆ ವಹಿಸಿತು. ಆ ಪರೀಕ್ಷೆ ಅವರದೇ ಸೃಷ್ಟಿ. ಮಾವ ಮುಂದಿನ ಸೀಟಿನಲ್ಲಿ ಕೂರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಕಣ್ಣು ಮುಚ್ಚಿ ಮಲಗುತ್ತಿದ್ದರು. "ಹೊಲಿಗೆ ಹಾಕಿಸ್ಕೊಂಡವರು, ವಾಂತಿ ತಡ್ಕೊಂಡು ಕೂತವರು, ಅವರಿಗೆ ರಸ್ತೆ ಕಾಣಲ್ಲ. ಮೈಗೆ ಗೊತ್ತಾಗೋದೇ ಡ್ರೈವಿಂಗು. ನಾನು ಕಣ್ಣು ಬಿಡೋ ಹಾಗೆ ಮಾಡಿದ್ರೆ ನೀವು ಫೇಲ್," ಎಂದು ಮೊದಲೇ ಹೇಳುತ್ತಿದ್ದರು. ಹಂಪ್ ಹಾರಿಸಿದರೆ, ತಿರುವಿನಲ್ಲಿ ಎಳೆದರೆ, ಗಕ್ಕನೆ ನಿಲ್ಲಿಸಿದರೆ ಕಣ್ಣು ತೆರೆಯುತ್ತಿತ್ತು. ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದವರೊಬ್ಬರು, ಮೂವತ್ತು ವರ್ಷ ಕಾರು ಓಡಿಸಿದ್ದೇನೆ ಎಂದು ಬಂದು, ಫೇಲಾಗಿ, ಮುಖ ಗಂಟು ಹಾಕಿಕೊಂಡು ಹೋದರು.

ನಾನೂ ಎರಡು ಸಲ ಫೇಲಾದೆ. ನನಗೆ ಕಾರು ಕಲಿಸಿದವರು ಇವರೇ. ಸ್ವಂತ ಸೊಸೆ ಎಂದು ಒಂದು ಹಂಪ್ ಕೂಡ ಬಿಟ್ಟುಕೊಡಲಿಲ್ಲ. "ನಿನಗೆ ಅವಸರ ಜಾಸ್ತಿ. ಮಾತಿನಲ್ಲೂ, ಕಾಲಿನಲ್ಲೂ," ಎಂದರು. ನಾನು ವಾರವಿಡೀ ಅವರ ಕಾಫಿಗೆ ಸಕ್ಕರೆ ಕಡಿಮೆ ಹಾಕಿದೆ.

ಎಪ್ಪತ್ತು ದಾಟಿದ ಚಾಲಕರಿಗೆ ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಆಗಬೇಕು ಎಂದು ಮಾವನೇ ಮೀಟಿಂಗಿನಲ್ಲಿ ಹೇಳಿದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಯಜಮಾನರು. "ನನ್ನಿಂದಲೇ ಶುರು ಮಾಡಿ ಮೇಷ್ಟ್ರೇ," ಎಂದರಂತೆ. ಆ ಗುಂಪಿನಲ್ಲಿ ಎಪ್ಪತ್ತು ದಾಟಿದವರು ಅವರೊಬ್ಬರೇ.

ಪರೀಕ್ಷೆ ಮುಗಿಸಿ ಬಂದ ದಿನ ಮಾವ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು.

"ಏನಾಯ್ತು ಮಾವ?" ಎಂದೆ.

"ಪಾಸ್."

"ಕಣ್ಣು ತೆರೀಲೇ ಇಲ್ವಾ?"

"ಮುಂದೆ ಕೂತಿದ್ದೆ. ಬೆನ್ನು ನೋವು."

ಬೆನ್ನು ನೋವಿರುವವರು ಮಲಗುವುದು ಬಿಟ್ಟು ಕೂರುತ್ತಾರೆಯೇ ಎಂದು ನನಗೆ ಅನ್ನಿಸಿತು. ಆದರೆ ಅವರ ಮುಖ ನೋಡಿ ಸಾರು ಬಡಿಸಿದೆ.

ಅದಾದ ಮೇಲೆ ಪ್ರತಿ ಬುಧವಾರ ಮಾವನೂ ವ್ಯಾನಿನಲ್ಲಿ ಹೋಗತೊಡಗಿದರು. ಮುಂದಿನ ಸೀಟಿನಲ್ಲಿ, ಕಾಲ ಬಳಿ ಒಂದು ದೊಡ್ಡ ಬಟ್ಟೆ ಚೀಲ ಇಟ್ಟುಕೊಂಡು. ಕೇಳಿದರೆ, "ಟ್ರಸ್ಟಿ ಆದವನು ಕೆಲಸ ಹೇಗೆ ನಡೀತಿದೆ ಅಂತ ನೋಡ್ಬೇಡ್ವಾ?" ಎನ್ನುತ್ತಿದ್ದರು. ಮನೆ ಒಂದು ದಿನವಾದರೂ ತಣ್ಣಗಿರುತ್ತದೆ ಎಂದು ಅತ್ತೆಗೆ ಸಂತೋಷ. ಯಜಮಾನರಿಗೂ ಸಂತೋಷ. ಒಮ್ಮೆ ನಮ್ಮ ಮನೆಗೆ ಬಂದವರು ನನ್ನೆದುರೇ ಹೇಳಿದರು: "ನಮ್ಮ ವ್ಯಾನಿನ ಮೆಕ್ಯಾನಿಕ್ ಕೈಯಲ್ಲಿ ಏನೋ ಇದೆ ಕಣಮ್ಮಾ. ಬ್ರೇಕ್ ಹೇಗೆ ಮಾಡಿಕೊಟ್ಟಿದ್ದಾನೆ ಅಂದ್ರೆ, ನಾನು ಮುಟ್ಟೋ ಮುಂಚೆನೇ ಗಾಡಿ ನಿಂತಿರುತ್ತೆ."

ಮಾವ ಕೆಮ್ಮಿದರು. ನಾನು ನೀರು ತಂದುಕೊಟ್ಟೆ. ನನ್ನ ಬುದ್ಧಿಗೆ ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಬಾಗಿಲ ಬಳಿ ಕಸ ಗುಡಿಸುವಾಗ. ಮಾವನ ಬೂಟುಗಳನ್ನು ಎತ್ತಿ ಬದಿಗಿಡಲು ಹೋದೆ. ಬಲಗಾಲಿನದರ ಅಡಿ ಹೆಬ್ಬೆರಳಿನ ಹತ್ತಿರ ಸವೆದು ತೆಳ್ಳಗಾಗಿತ್ತು. ಎಡಗಾಲಿನದು ಹೊಸದರಂತಿತ್ತು. ಸ್ಕೂಲ್ ಮುಚ್ಚಿದ ಮೇಲೆ ಕೊಂಡ ಜೋಡಿ ಅದು. ನಾನು ಬೂಟು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ.

"ಅತ್ತೆ, ಅಟ್ಟದ ಮೇಲಿದ್ದ ಆ ಬ್ರೇಕ್ ಪೆಡಲ್ ಇದೆಯಾ?"

"ಅದು ಹೋಗಿ ಎಷ್ಟೋ ದಿನ ಆಯ್ತಲ್ಲ. ಮೆಕ್ಯಾನಿಕ್‌ಗೆ ಕೊಟ್ರು. ಪುಣ್ಯ ಬಂತು, ಈಗ ಅಲ್ಲಿ ಬಕೆಟ್ ಇಟ್ಟಿದ್ದೀನಿ."

ನನ್ನ ಸಿಟ್ಟು ನೆತ್ತಿಗೇರಿತು. ಮಾವ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಬೂಟನ್ನು ಅವರ ಮುಂದೆ ತಿರುಗಿಸಿ ಹಿಡಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಒಂದು ಅಂಗಿಯನ್ನು ಪೂರ್ತಿ ಹರವಿ ಕ್ಲಿಪ್ ಹಾಕಿದ ಮೇಲೆ ಮಾತಾಡಿದರು.

"ಯಜಮಾನರಿಗೆ ಕುತ್ತಿಗೆ ತಿರುಗಲ್ಲ. ಎದುರಿಗೆ ಬಂದದ್ದು ಕಣ್ಣಿಗೆ ಬಿದ್ದ ಮೇಲೂ ಕಾಲು ತಡ ಮಾಡುತ್ತೆ. ಪರೀಕ್ಷೆ ದಿನ ವ್ಯಾನ್ ಹತ್ತಿದಾಗಲೇ ಗೊತ್ತಿತ್ತು. ಅದಕ್ಕೇ ಹಿಂದೆ ಮಲಗೋ ಧೈರ್ಯ ಬರ್ಲಿಲ್ಲ. ಶಾಲೆ ಹತ್ತಿರ ನಾನು ಬರೀ ನೆಲ ಒತ್ತಿದೆ, ಒತ್ತೋಕೆ ಅಲ್ಲಿ ಏನೂ ಇರ್ಲಿಲ್ಲ. ದೇವರ ದಯೆ, ಅವರೇ ಹೇಗೋ ನಿಲ್ಲಿಸಿದ್ರು."

"ಆಮೇಲೂ ಪಾಸ್ ಮಾಡಿದ್ರಾ?"

"ಆ ಬುಧವಾರ ಬಿಟ್ರೆ ಆ ಮನುಷ್ಯನಿಗೆ ಇನ್ನೇನಿದೆ ಹೇಳು? ಹೇಳೋಣ ಅಂತ ಬಾಯಿ ತೆಗೆದೆ. ಅವರು ಸ್ಟಿಯರಿಂಗ್ ಒರೆಸ್ತಾ ಇದ್ರು. ಬಾಯಿ ಮುಚ್ಕೊಂಡೆ. ಈಗ ನನ್ನ ಕಾಲಡಿ ಬ್ರೇಕ್ ಇದೆಯಲ್ಲ."

"ನನ್ನನ್ನ ಎರಡು ಸಲ ಫೇಲ್ ಮಾಡಿದ್ರಿ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಅದು ಹೋಗಲಿ ಬಿಡಿ. ಟ್ರಸ್ಟಿ ಅಂದ್ರೆ ಯಾರ ಕಡೆ ಮಾವ? ಓಡಿಸೋರ ಕಡೆನೋ, ಹಿಂದೆ ಕೂತೋರ ಕಡೆನೋ? ಫೋನಿನಲ್ಲಿ ಆ ಅಜ್ಜಿ ಮರೀಬೇಡ ಅಂತಾಳೆ. ನಾನು ಹೂಂ ಅಂತೀನಿ. ಅವಳನ್ನ ಕಳಿಸ್ತಿರೋದು ನಾನು!"

ಮಾವನ ಪಾಡು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರ ಪಾಡಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. "ಹೇಳ್ತೀನಿ. ಸಮಯ ನೋಡಿ ಹೇಳ್ತೀನಿ," ಎಂದರು. ಜೀವನವಿಡೀ ಇತರರಿಗೆ ಸಮಯಕ್ಕೆ ಸರಿಯಾಗಿ ನಿಲ್ಲಿಸಲು ಕಲಿಸಿದ ಮನುಷ್ಯ! ನನಗೆ ಅಳುವೂ ಬಂತು, ನಗುವೂ ಬಂತು.

ಸಮಯ ತಾನಾಗಿಯೇ ಬಂತು. ಮುಂದಿನ ಬುಧವಾರ ಬೆಳಿಗ್ಗೆ ಮಾವ ಬಚ್ಚಲಲ್ಲಿ ಜಾರಿ ಬಲಗಾಲು ಉಳುಕಿಸಿಕೊಂಡರು. ಪಾದ ಬನ್ನಿನ ಹಾಗೆ ಊದಿಕೊಂಡಿತು. ಅತ್ತೆ ಐಸ್ ಒತ್ತುತ್ತಾ, "ಇವತ್ತು ಮನೇಲಿ ಬಿದ್ದಿರಿ," ಎಂದರು. ಮಾವ ನನ್ನ ಮುಖ ನೋಡಿದರು. ಆ ಕಾಲಿನಿಂದ ಪೆಡಲ್ ಒತ್ತುವುದಿರಲಿ, ನೆಲ ಮುಟ್ಟುವುದೂ ಆಗುತ್ತಿರಲಿಲ್ಲ. ಅತ್ತ ಯಜಮಾನರು ಗಡ್ಡ ಬೋಳಿಸಿ ವ್ಯಾನಿನ ಶೆಡ್ಡಿಗೆ ಹೊರಟಿರುತ್ತಾರೆ.

"ನೀವು ಹೇಳ್ತೀರೋ, ನಾನು ಹೇಳ್ಲೋ?" ಎಂದೆ.

"ಆಟೋ ಕರಿ," ಎಂದರು ಮಾವ.

ಶೆಡ್ಡಿನಲ್ಲಿ ಯಜಮಾನರು ವ್ಯಾನಿನ ಗಾಜು ಒರೆಸುತ್ತಿದ್ದರು. ಮಾವ ನನ್ನ ಭುಜ ಹಿಡಿದು ಕುಂಟುತ್ತಾ ಬಂದದ್ದನ್ನು ನೋಡಿ, "ಅಯ್ಯೋ, ಈ ಸ್ಥಿತಿಯಲ್ಲಿ ಯಾಕೆ ಬಂದ್ರಿ ಮೇಷ್ಟ್ರೇ? ನಾನೊಬ್ಬನೇ ಹೋಗಿ ಬರ್ತೀನಿ. ಈಚೆಗೆ ನನ್ನ ಕೈ ಚೆನ್ನಾಗಿ ಕೂತಿದೆ," ಎಂದರು.

ಮಾವ ನೆಪ ಹೇಳುತ್ತಾರೇನೋ ಎಂದು ನನಗೆ ಭಯವಾಗಿತ್ತು. ಹೇಳಲಿಲ್ಲ. ಮುಂದಿನ ಎಡ ಬಾಗಿಲು ತೆಗೆದು, ಯಾವಾಗಲೂ ಅಲ್ಲೇ ಇರುತ್ತಿದ್ದ ಬಟ್ಟೆ ಚೀಲವನ್ನು ಹೊರಗೆಳೆದರು.

"ಯಜಮಾನ್ರೇ, ಇಲ್ಲಿ ಬಗ್ಗಿ ನೋಡಿ."

ಯಜಮಾನರು ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. ಚೀಲದ ಮರೆಯಲ್ಲಿದ್ದ ಪೆಡಲ್ಲನ್ನು ಬಹಳ ಹೊತ್ತು ನೋಡಿದರು. ನೇರವಾಗಲು ಬಾಗಿಲು ಹಿಡಿದುಕೊಳ್ಳಬೇಕಾಯಿತು.

"ಮೆಕ್ಯಾನಿಕ್ ಕೈಗುಣ ಅಂದ್ಕೊಂಡಿದ್ದೆ," ಎಂದರು.

"ಪರೀಕ್ಷೆಯಲ್ಲಿ ನೀವು ಫೇಲ್ ಆಗಿದ್ರಿ. ನಾನು ಪಾಸ್ ಅಂದೆ. ತಪ್ಪು ನಂದು."

ಯಜಮಾನರ ಮುಖ ಕೆಂಪಾಯಿತು. ಜವಳಿ ಅಂಗಡಿಯಲ್ಲಿ ಕೂತು ಎಲ್ಲರಿಗೂ ನಗುನಗುತ್ತಾ ಮಾತಾಡಿ ಅಭ್ಯಾಸವಾದ ಮನುಷ್ಯ, ಅವರು ದನಿ ಏರಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ನನ್ನ ಹೆಂಡತಿ ಹಿಂದೆ ಕೂತಿದ್ದಿದ್ರೆ? ಆಗ್ಲೂ ಪಾಸ್ ಅಂತಿದ್ರಾ?"

"ಇಲ್ಲ," ಎಂದರು ಮಾವ.

"ಮತ್ತೆ ಇವರೆಲ್ಲ ಯಾರ ಹೆಂಡತಿ, ಯಾರ ತಾಯಿ?"

ಮಾವ ತಲೆ ತಗ್ಗಿಸಿದರು. ನಾನು ಹಿತ್ತಿಲಲ್ಲಿ ಅಷ್ಟೆಲ್ಲ ಕೂಗಾಡಿದವಳು, ಈಗ ಆ ಇಬ್ಬರು ಮುದುಕರ ನಡುವೆ ನಿಂತು ಯಾವ ಕಡೆ ನೋಡಬೇಕೋ ತಿಳಿಯದೆ ಕಣ್ಣು ತುಂಬಿಕೊಂಡೆ.

"ಮುಂದಿನ ಮೀಟಿಂಗಲ್ಲಿ ಇದನ್ನ ಎಲ್ಲರ ಮುಂದೆ ಹೇಳ್ತೀನಿ," ಎಂದರು ಮಾವ. "ಹೇಳಿ ಟ್ರಸ್ಟ್ ಬಿಟ್ಟು ಹೋಗ್ತೀನಿ."

"ಬಿಟ್ಟು ಹೋಗೋದು ಸುಲಭ. ಕೂತ್ಕೊಂಡು ಬೈಸ್ಕೊಳ್ಳಿ." ಯಜಮಾನರು ಅಂಗಿಯ ಜೇಬಿನಿಂದ ಕೀಲಿ ತೆಗೆದರು. ಕೊಡಲಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದರು. "ಈಗ ಅಜ್ಜಿ ಬಾಗಿಲಲ್ಲಿ ನಿಂತಿರ್ತಾಳೆ. ಯಾರು ಓಡಿಸ್ತಾರೆ?"

ಬೇರೆ ಚಾಲಕರಿಗೆ ನಾನು ಆಟೋದಲ್ಲಿ ಬರುವಾಗಲೇ ಫೋನ್ ಮಾಡಿದ್ದೆ. ಎಲ್ಲರೂ ಅವರವರ ಕೆಲಸದಲ್ಲಿದ್ದರು. ಟ್ಯಾಕ್ಸಿಯವನನ್ನು ಕೇಳಿದರೆ ಬರುತ್ತಾನೆ ಎಂದೆ. ಯಜಮಾನರು ನನ್ನನ್ನೇ ನೋಡಿದರು.

"ನಿನಗೆ ಲೈಸೆನ್ಸ್ ಇದೆಯಲ್ಲಮ್ಮಾ?"

"ಇದೆ. ಆದ್ರೆ ನಾನು ಇವರ ಪರೀಕ್ಷೆಯಲ್ಲಿ ಫೇಲ್."

"ಇಲ್ಲಿಂದ ಅಜ್ಜಿ ಮನೆವರೆಗೆ ವ್ಯಾನ್ ಖಾಲಿನೇ ಹೋಗೋದು. ಅಷ್ಟರಲ್ಲಿ ಇನ್ನೊಂದು ಸಲ ಆಗಲಿ ಪರೀಕ್ಷೆ. ಫೇಲಾದ್ರೆ ಅಲ್ಲಿಂದ ಟ್ಯಾಕ್ಸಿ. ಮೇಷ್ಟ್ರು ಹಿಂದೆ ಮಲಗಲಿ. ಅವರ ಕಣ್ಣು ತೆರೆಯುತ್ತೋ ಇಲ್ವೋ ನಾನು ಹತ್ತಿರ ಕೂತು ನೋಡ್ತೀನಿ. ಅವರ ಮಾತು ಈಗ ನಂಬೋ ಹಾಗಿಲ್ಲ."

ಕೀಲಿ ನನ್ನ ಕೈಗೆ ಬಂತು. ಅವರ ಅಂಗೈ ಬಿಸಿಗೆ ಅದು ಬೆಚ್ಚಗಿತ್ತು.

ಮಾವ ಕೊನೆಯ ಸೀಟಿನಲ್ಲಿ ಊದಿದ ಕಾಲು ಚಾಚಿ, ಹೊಟ್ಟೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿದರು. ಯಜಮಾನರು ಅದರ ಮುಂದಿನ ಸಾಲಿನಲ್ಲಿ ಹಿಂದಕ್ಕೆ ಮೈ ಹೊರಳಿಸಿ ಕೂತರು, ಕುತ್ತಿಗೆ ತಿರುಗುವುದಿಲ್ಲವಲ್ಲ. ಎಂಥ ಪರೀಕ್ಷೆ ಎಂದರೆ, ಒಬ್ಬರು ಕಣ್ಣು ಮುಚ್ಚಿದ್ದಾರೆ, ಇನ್ನೊಬ್ಬರು ಆ ಮುಚ್ಚಿದ ಕಣ್ಣು ಕಾಯುತ್ತಿದ್ದಾರೆ, ನಾನು ಬೆವರುತ್ತಿದ್ದೇನೆ. ಹಂಪುಗಳಲ್ಲಿ ಅವಸರ ಮಾಡಲಿಲ್ಲ. ಶಾಲೆಯ ಹತ್ತಿರ ದೂರದಿಂದಲೇ ನಿಧಾನ ಮಾಡಿದೆ. ಮಾರುಕಟ್ಟೆಯ ತಿರುವಿನಲ್ಲಿ ಒಂದು ಕೈಗಾಡಿ ಅಡ್ಡ ಬಂತು. ನಿಲ್ಲಿಸಿದೆ. ನಿಲ್ಲಿಸಿದ್ದು ನನಗೇ ಗೊತ್ತಾಗದಷ್ಟು ಮೆತ್ತಗೆ ನಿಂತಿತು.

"ತೆರೆದ್ರಾ?" ಎಂದು ಕೇಳಿದೆ.

"ಇಲ್ಲ," ಎಂದರು ಯಜಮಾನರು. "ಮುಂದೆ ನೋಡಿ ಓಡಿಸು."

ಅಜ್ಜಿಯ ಮನೆಯವರೆಗೂ ಮಾವನ ಕಣ್ಣು ತೆರೆಯಲಿಲ್ಲ, ಟ್ಯಾಕ್ಸಿ ಬೇಕಾಗಲಿಲ್ಲ. ಕೊಡೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ನನ್ನ ದನಿ ಕೇಳಿ, "ಓ, ಫೋನಿನವಳು ನೀನಾ? ಇಷ್ಟು ಸಣ್ಣಗಿದ್ದೀಯಲ್ಲ, ದನಿ ನೋಡಿದ್ರೆ ದಪ್ಪ ಅಂದ್ಕೊಂಡಿದ್ದೆ," ಎಂದಳು. ಯಜಮಾನರು ಇಳಿದು ಅವಳ ಕೈ ಹಿಡಿದು ಹತ್ತಿಸಿದರು. ಮುಂದೆ ಬಂದು ಕೂರುತ್ತಾರೇನೋ ಎಂದು ನಾನು ಪಕ್ಕದ ಸೀಟಿನ ಮೇಲಿದ್ದ ಒರೆಸುವ ಬಟ್ಟೆ ತೆಗೆದೆ. ಅವರು ಅಜ್ಜಿಯ ಪಕ್ಕದಲ್ಲೇ ಕೂತರು. ಕೊಡೆಯನ್ನು ತಾವೇ ಇಸಿದುಕೊಂಡು ಮೊಣಕಾಲ ನಡುವೆ ನಿಲ್ಲಿಸಿಕೊಂಡರು.

ಸ್ವಲ್ಪ ದೂರ ಹೋದ ಮೇಲೆ ಅಜ್ಜಿ ಅಂದಳು:

"ಇಷ್ಟು ದಿನ ನಿಮ್ಮ ಬೆನ್ನು ನೋಡಿದ್ದೇ ಆಯ್ತು ಯಜಮಾನ್ರೇ. ಮುಖ ಹೀಗಿದೆ ಅಂತ ಸರಿಯಾಗಿ ಗೊತ್ತೇ ಇರ್ಲಿಲ್ಲ. ಯಾಕೆ, ಓಡಿಸೋದು ಬಿಟ್ರಾ?"

"ಬಿಟ್ಟೆ ಅಜ್ಜಿ. ಕಾಲು ಕೇಳಲ್ಲ."

"ಒಳ್ಳೇದಾಯ್ತು ಬಿಡಿ. ಹೋಗುವಾಗ ಭಯ ಆಗುತ್ತೆ ನನಗೆ. ಆ ಸೂಜಿ ನೆನೆಸ್ಕೊಂಡ್ರೆ. ಪಕ್ಕದಲ್ಲಿ ಯಾರಾದ್ರೂ ಇದ್ರೆ ಇಷ್ಟು ಆಗಲ್ಲ."

ನಾನು ಕನ್ನಡಿಯಲ್ಲಿ ನೋಡಿದೆ. ಯಜಮಾನರು ಕಿಟಕಿಯಾಚೆ ಬಸ್ ಸ್ಟಾಪಿನಲ್ಲಿ ನಿಂತ ಜನರನ್ನು ನೋಡುತ್ತಿದ್ದರು.

"ನನ್ನವಳಿಗೂ ಭಯ ಆಗ್ತಿತ್ತೇನೋ," ಎಂದರು. "ಹೇಳ್ಲಿಲ್ಲ. ನಾನೂ ಒಂದು ದಿನ ಹೀಗೆ ಪಕ್ಕದಲ್ಲಿ ಕೂತು ಹೋಗ್ಲಿಲ್ಲ. ವ್ಯಾನ್ ತಂದೆ, ಓಡಿಸಿದೆ. ಕೂತು ಹೋಗೋದು ತಲೆಗೇ ಹೊಳೀಲಿಲ್ಲ ನೋಡಿ."

ಅಜ್ಜಿ ತನ್ನ ಕೈಯನ್ನು ಕೊಡೆಯ ಹಿಡಿಯ ಮೇಲಿದ್ದ ಅವರ ಕೈಯ ಮೇಲಿಟ್ಟಳು. ಆಸ್ಪತ್ರೆಯ ಗೇಟು ಬರುವವರೆಗೂ ತೆಗೆಯಲಿಲ್ಲ.

ನಾನು ನೆರಳಿರುವ ಕಡೆ ವ್ಯಾನ್ ನಿಲ್ಲಿಸಿದೆ. ಯಜಮಾನರು ಅಜ್ಜಿಯನ್ನು ಇಳಿಸಿಕೊಂಡು, ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದು, ಒಳಗೆ ಕರೆದುಕೊಂಡು ಹೋದರು. ಸೂಜಿ ಮುಗಿಯುವವರೆಗೂ ಅಲ್ಲೇ ಇರುತ್ತೇನೆ, ನೀವು ಕಾಯಿರಿ ಎಂದರು.

ನಾನು ಹಿಂದಕ್ಕೆ ತಿರುಗಿದೆ. ಮಾವ ಇನ್ನೂ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದ್ದರು.

"ಮಾವ, ಬಂದಾಯ್ತು. ಕಣ್ಣು ಬಿಡಬಹುದು."

"ಗೊತ್ತು," ಎಂದರು ಮಾವ. ಕಣ್ಣು ಬಿಡಲಿಲ್ಲ. ಮುಚ್ಚಿದ ರೆಪ್ಪೆಯ ಅಂಚಿನಿಂದ ನೀರು ಕಿವಿಯ ಕಡೆಗೆ ಇಳಿದಿತ್ತು. "ಪಾಸ್," ಎಂದರು. "ನೀನು ಪಾಸ್."